ಬೀಗರ ಹೊಟ್ಟೆಯೊಳಗಿನ ಆಲೆಮನೆ

ನೆಂಟರ ಮೇಲೆ, ನೆರೆಹೊರೆಯವರ ಮೇಲೆ, ಶಾನುಭೋಗರ ಮೇಲೆ ಜಗಳಕ್ಕೆ ಹೋಗುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ತಮ್ಮದೇ ಹೊಟ್ಟೆಯೊಳಗಿನ ಈಲಿಯ ಮೇಲೆ, ಲಿವರ್ ಅನ್ನುತ್ತಾರಲ್ಲ ಅದರ ಮೇಲೆ, ಜಗಳಕ್ಕೆ ಬಿದ್ದವರನ್ನು ನೋಡಿದ್ದೀರಾ? ಇಲ್ಲವಾದರೆ ವಿರೂಪಾಕ್ಷಿಪುರಕ್ಕೆ ಹೋಗಿ ಬನ್ನಿ. ಅಲ್ಲಿ ನನ್ನ ಬೀಗರಿದ್ದಾರೆ, ಮಗಳ ಮಾವ. ಮೀಸೆ ಮೂಡುವ ಮೊದಲಿನಿಂದ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವರು.

ಅಂಥವರಿಗೆ ಸಿಹಿಮೂತ್ರದ ಕಾಯಿಲೆ ಬಂತು. ಬೆಲ್ಲ ಬಿಟ್ಟರು, ಅನ್ನ ಬಿಟ್ಟರು. ಒಂದು ಸೋಮವಾರ ಪೂರ್ತಿ ಉಪವಾಸವಿದ್ದು, ಮಾರನೆಯ ಬೆಳಿಗ್ಗೆ ಕ್ಲೋಸ್‌ಪೇಟೆಯ ಆಸ್ಪತ್ರೆಗೆ ಹೋದರು. ಡಾಕ್ಟರು ಮೂತ್ರ ಕಾಯಿಸಿ ನೋಡಿ, ಸಕ್ಕರೆ ಇನ್ನೂ ಇದೆ ಎಂದರು.

“ನಿನ್ನೆಯಿಂದ ನೀರು ಬುಟ್ರೆ ಏನೂ ಮುಟ್ಟಿಲ್ಲ ಸ್ವಾಮಿ. ಎಲ್ಲಿಂದ ಬಂತು?”

“ನಿಮ್ಮ ಈಲಿಯೇ ಮಾಡುತ್ತೆ. ನೀವು ತಿನ್ನದಿದ್ದರೂ ಮಾಡುತ್ತೆ.”

“ಕಬ್ಬಿಲ್ದೆ?”

“ಕಬ್ಬಿಲ್ಲದೆ.”

ಬೆಲ್ಲದವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಆರು ತಿಂಗಳಿಂದ ಮುಂದಕ್ಕೆ ಮಾತು ಕೊಡಲಾರೆ ಎಂದೂ ಡಾಕ್ಟರು ಹೇಳಿದರು. ನನ್ನ ಮಗಳಿಗೆ ಆಗಷ್ಟೇ ಎರಡು ತಿಂಗಳು ತುಂಬಿತ್ತು. ಬೀಗರು ಎದ್ದು ಪಂಚೆ ಕೊಡವಿದರಂತೆ. “ಮೊಮ್ಮಗೀನ ಎತ್ಕೊಳ್ಳೋಗಂಟ ನಾನೆಲ್ಲೂ ಹೋಗಾಕಿಲ್ಲ. ಬರ್ಕೊಳ್ಳಿ.”

ಅವರ ಹಟಕ್ಕೆ ತರ್ಕವೂ ಇತ್ತು. ಕುದಿಯುವ ಕಬ್ಬಿನ ಹಾಲಿಗೆ ಯಾರಾದರೂ ಹೊಟ್ಟೆಕಿಚ್ಚಿಗೆ ನಿಂಬೆಹಣ್ಣು ಹಿಂಡಿದರೆ ಮುಗಿಯಿತು, ಬೆಲ್ಲ ಅಚ್ಚು ಕಟ್ಟುವುದಿಲ್ಲ. ಆಲೆಮನೆಯವರಿಗೆಲ್ಲ ಗೊತ್ತಿರುವ ಮಾತು. “ಅಷ್ಟು ದೊಡ್ಡ ಕೊಪ್ಪರಿಗೇನೆ ಒಂದು ನಿಂಬೆಕಾಯಿಗೆ ಹೆದರ್ತದೆ. ಈ ಈಲಿ ಯಾವ ಲೆಕ್ಕ ಕಣವ್ವ?” ಎಂದರು ನನಗೆ.

ಅಂದಿನಿಂದ ಬೆಳಗಾದರೆ ಹಾಗಲಕಾಯಿ ರಸ, ನೆನೆಸಿದ ಮೆಂತ್ಯ. ಮಧ್ಯಾಹ್ನ ನೇರಳೆ ಬೀಜದ ಪುಡಿ. ಮಗಳನ್ನು ನೋಡಲು ಹೋದ ನನ್ನ ಮುಂದೆಯೂ ಒಂದು ಲೋಟ ಹಾಗಲ ರಸ ಬಂತು.

“ನನ್ನ ಈಲಿ ಏನು ಮಾಡ್ತು ಬೀಗ್ರೇ?”

“ಇನ್ನೂ ಮಾಡಿಲ್ಲ. ಆದ್ರೂ ನಂಬಾಕಾಗಾಕಿಲ್ಲ.”

ಕುಡಿದೆ. ಆಮೇಲೆ ತಿಂದ ಹೋಳಿಗೆಯೂ ಕಹಿಯಾಗಿಯೇ ಇಳಿಯಿತು.

ಗುಣವಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಇರುವೆ ಸಾಕ್ಷಿ. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಇದೆ ಎಂದರ್ಥ. ಆದರೆ ಆಲೆಮನೆಯ ಸುತ್ತ ಇರುವೆಗೆ ಬರವೆ? ಅಲ್ಲಿ ಉಗುಳಿದರೂ ಮುತ್ತುತ್ತವೆ. ಅದಕ್ಕೇ ಬೀಗರು ಚೊಂಬು ಹಿಡಿದು ಅರ್ಧ ಮೈಲಿ ಆಚೆಯ ಬೋಳುಬಂಡೆಗೆ ನಡೆದು, ಕೆಲಸ ಮುಗಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕಾಯುತ್ತಿದ್ದರು. ಒಂದು ದಿನ ಊರೆಲ್ಲ ಕೇಳುವಂತೆ ಕೂಗಿಕೊಂಡು ಬಂದರು, “ಒಂದಿರುವೇನೂ ಇಲ್ಲ ಕಣ್ರಪ್ಪೋ!” ಹಿಂದಿನ ದಿನವೆಲ್ಲ ಮಳೆ ಹೊಯ್ದಿತ್ತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆರು ತಿಂಗಳು ಕಳೆಯಿತು. ಬೀಗರು ಒಣಗಿದ ಕಬ್ಬಿನ ಜಲ್ಲೆಯಂತಾದರು, ಬೀಳಲಿಲ್ಲ. ಏಳನೆಯ ತಿಂಗಳಲ್ಲಿ ಕೂಟಗಲ್ಲಿನ ನಮ್ಮ ಮನೆಯಲ್ಲಿ ಮಗಳು ಹೆತ್ತಳು. ಹೆಣ್ಣುಕೂಸು! ನನ್ನ ಸಂಭ್ರಮ ಕೇಳಬೇಡಿ, ದಾರಿಹೋಕರನ್ನೂ ಕರೆದು ಕರೆದು ತೋರಿಸಿದೆ.

ಹಿರಿಯರೊಬ್ಬರು ಕೂಸಿನ ನಾಲಿಗೆಗೆ ಜೇನು ಮುಟ್ಟಿಸಬೇಕು, ಮುಟ್ಟಿಸಿದವರ ಗುಣ ಕೂಸಿಗೆ ಬರುತ್ತದೆ ಎನ್ನುವುದು ನಮ್ಮಲ್ಲಿನ ವಾಡಿಕೆ. ಬೀಗರು ಕೂಸನ್ನು ನೋಡಲು ಬಂದಿದ್ದರು. “ಸಿಹಿಮೂತ್ರದವರ ಕೈಲಿ ಯಾಕೆ?” ಎಂದು ನಮ್ಮ ಕಡೆಯವರು ಗೊಣಗಿದರು. ನಾನು ಬಟ್ಟಲನ್ನು ನೇರ ಬೀಗರ ಮುಂದೆಯೇ ಹಿಡಿದೆ. ಕೂಸು ಅವರ ತೊಡೆಯ ಮೇಲಿತ್ತು. ಡಾಕ್ಟರಿಗೆ ಬಗ್ಗದವರು, ಸಾವನ್ನೂ ಕಾಯಿಸಿದವರು, ಕೈ ಹಿಂದಕ್ಕೆಳೆದುಕೊಂಡರು.

“ಬ್ಯಾಡ ಕಣವ್ವ. ನಂದು ಇದಕ್ಕೆ ಅಂಟ್ಕಂಡ್ರೆ?”

“ಅಂಟೋದಾದ್ರೆ ನಿಮ್ಮ ಮೊಂಡುತನ ಅಂಟ್ಲಿ. ಹೆಣ್ಣುಮಗೀಗೆ ಬೇಕಾಯ್ತದೆ” ಎಂದು ಅವರ ಬೆರಳು ಹಿಡಿದು ಜೇನಿಗದ್ದಿ ಕೂಸಿನ ಬಾಯಿಗಿಟ್ಟೆ.

ಕೂಸು ಚೀಪಿತು. ಚೀಪುತ್ತಲೇ ನಿದ್ದೆಹೋಯಿತು. ಬೆರಳು ಬಿಡಿಸಲು ನಾನು ಬಗ್ಗಿದರೆ, ಬೀಗರು ಇನ್ನೊಂದು ಕೈಯಿಂದ ತಡೆದು ಹೇಳಿದರು, “ಇರ್ಲಿ. ಒಸಿ ಹೊತ್ತು ಇರ್ಲಿ.”