ಹೇಳಿ ಒದೆಯುವ ಭಾವಮೈದುನ

ನನ್ನ ಭಾವಮೈದುನನಿಗೆ ದೇವರು ಕೊಟ್ಟದ್ದು ಎರಡೇ ಕಾಲು ಎಂದು ಅವನ ಅಕ್ಕ, ಎಂದರೆ ನನ್ನ ಧರ್ಮಪತ್ನಿ, ಎಷ್ಟು ಸಲ ಆಣೆಯಿಟ್ಟು ಹೇಳಿದರೂ ನಾನು ನಂಬಿದವನಲ್ಲ. ಅವನನ್ನು ಎತ್ತಿ ಆಡಿಸಿದವಳು ಅವಳು, ಎಣಿಸಿಯೇ ನೋಡಿರುತ್ತಾಳೆ. ಆದರೆ ಕಾಲ್ಚೆಂಡಿನ ಬಯಲಿನಲ್ಲಿ ಅವನನ್ನು ನೋಡಿದವನು ನಾನು. ಚೆಂಡು ಎಲ್ಲಿ ಬಿದ್ದರೂ ಅಲ್ಲಿ ಅವನದೊಂದು ಕಾಲು ಮೊದಲೇ ಬಂದು ನಿಂತಿರುತ್ತಿತ್ತು. ಎರಡು ಕಾಲಿನವನಿಗೆ ಇದು ಸಾಧ್ಯವೇ? ನಿತ್ಯ ಪೂಜೆಯಲ್ಲಿ ನಟರಾಜನ ಎತ್ತಿದ ಪಾದವನ್ನು ಧ್ಯಾನಿಸುವ ನನಗೆ, ಈ ಹುಡುಗ ಓಡುತ್ತ ಓಡುತ್ತ ಕಾಲೆತ್ತಿದ ಕ್ಷಣದಲ್ಲಿ ಕೈ ತಾನಾಗಿಯೇ ಮುಗಿದುಹೋಗುತ್ತಿತ್ತು. ಅಕ್ಕಪಕ್ಕದವರು ಕಂಡಾರೆಂದು ಕೂಡಲೇ ಅದನ್ನು ಶಲ್ಯದೊಳಗೆ ಅಡಗಿಸಿಕೊಳ್ಳುತ್ತಿದ್ದೆ.

ಇದು ಮಹಾರಾಜರ ಕಾಲದ ಮಾತು. ಈಗಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಈಗಿನ ಕನಕಪುರ ಆಗ ಕಾನಕಾನಹಳ್ಳಿ. ನಾನು ಚನ್ನಪಟ್ಟಣದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ಬೆಂಗಳೂರಿನ ದಂಡಿನ ಸೋಲ್ಜರುಗಳಿಂದ ಹೊರಟ ಕಾಲ್ಚೆಂಡಿನ ಹುಚ್ಚು ನಮ್ಮ ಕಡೆಗೂ ಹಬ್ಬಿ, ಈ ಎರಡು ಊರಿಗೂ ಮಾಗಡಿ, ಚನ್ನಪಟ್ಟಣಗಳಿಗೂ ಒಂದೊಂದು ತಂಡ ಹುಟ್ಟಿಕೊಂಡಿತ್ತು. ಸೋಲ್ಜರುಗಳಿಗೆ ಬೂಟು, ನಮ್ಮವರಿಗೆ ಬರಿಗಾಲು. ಒಂದೊಂದು ಊರಿಗೂ ಒಂದೊಂದು ಧರ್ಮಶಾಸ್ತ್ರ. ಕ್ಲೋಸ್‌ಪೇಟೆಯಲ್ಲಿ ಬಂಡೆಗೆ ತಗುಲಿ ಹಿಂದಿರುಗಿದ ಚೆಂಡಿಗೆ ದೋಷವಿಲ್ಲ. ಮಾಗಡಿಯಲ್ಲಿ ಕೆರೆಗೆ ಬಿದ್ದ ಚೆಂಡನ್ನು ಈಜಿ ತಂದವನಿಗೇ ಮೊದಲ ಒದೆತ. ಕಾನಕಾನಹಳ್ಳಿಯಲ್ಲಿ ತಂಡದ ಯಜಮಾನರಾದ ಗೌಡರು ಊಟ ಮುಗಿಸಿ ಕುರ್ಚಿಯಲ್ಲಿ ಕೂರುವವರೆಗೆ ಹೊಡೆದ ಗೋಲು ಗೋಲೇ ಅಲ್ಲ.

ಈ ನಾಲ್ಕೂ ಊರಿಗೆ ಆಡಿದವನು ನನ್ನ ಭಾವಮೈದುನ ಒಬ್ಬನೇ. ಪದ್ಧತಿ ಹೀಗಿತ್ತು. ಯುಗಾದಿಯ ದಿನ ಒಂದು ಊರಿನ ಹಿರಿಯರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಮನೆಗೆ ಬರುವರು. ಇವನು ವೀಳ್ಯ ತೆಗೆದುಕೊಂಡರೆ ಮುಂದಿನ ಯುಗಾದಿಯವರೆಗೆ ಆ ಊರಿನ ಆಳು. ಹುಟ್ಟಿದೂರೇ ಎದುರಾಳಿಯಾಗಿ ಬಂದರೂ ಮಾತು ಮಾತೇ. ಆ ಊರಿನವರು ಅವನಿಗೆ ಊಟವನ್ನೂ, ಶಿವಪೂಜೆಗೆ ಒಂದು ಕೋಣೆಯನ್ನೂ, ಹೆಸರಿಗೊಂದು ಕೆಲಸವನ್ನೂ ಕೊಡಬೇಕು.

ಇಷ್ಟಾದರೆ ಅವನೊಬ್ಬ ಆಟಗಾರ, ಅಷ್ಟೇ. ವಿಚಿತ್ರವೆಲ್ಲ ಇನ್ನು ಮುಂದಿದೆ.

ಹನ್ನೆರಡನೆಯ ವಯಸ್ಸಿನಲ್ಲಿ ಅವನು ಮಠದ ಗುರುಗಳ ಮುಂದೆ ಸುಳ್ಳಾಡುವುದಿಲ್ಲವೆಂದು ಮಾತು ಕೊಟ್ಟಿದ್ದ. ಆ ವಯಸ್ಸಿನಲ್ಲಿ ಎಲ್ಲರೂ ಕೊಡುತ್ತಾರೆ. ಬೆಲ್ಲದ ಡಬ್ಬಿ ಖಾಲಿ ಮಾಡಿದವರು ಯಾರೆಂದು ತಾಯಿ ಕೇಳುವವರೆಗೆ ಪಾಲಿಸಿಯೂ ಪಾಲಿಸುತ್ತಾರೆ. ಇವನು ಮುಂದಕ್ಕೂ ಪಾಲಿಸಿಬಿಟ್ಟ. ಆಟ ಕಲಿಯುವಾಗ ಅವನ ಗುರು ಬುಡನ್ ಸಾಹೇಬರು ಎಡಕ್ಕೆ ತೋರಿಸಿ ಬಲಕ್ಕೆ ಒದೆಯುವ ಉಪಾಯ ಹೇಳಿಕೊಟ್ಟರು. ಇವನು ನೇರವಾಗಿ ನನ್ನ ಬಳಿಗೆ ಬಂದ.

"ಭಾವ, ಕಾಲು ಹೇಳೋ ಸುಳ್ಳೂ ಸುಳ್ಳೇನಾ?"

ಪಂಡಿತನಾದವನನ್ನು ಹೀಗೆ ಕೇಳಿದರೆ ಸುಮ್ಮನಿರುತ್ತಾನೆಯೆ? ಮನಸ್ಸು, ಮಾತು, ಕಾಯ, ಮೂರೂ ಶುದ್ಧವಾಗಿರಬೇಕು. ಕಾಲು ಕಾಯದಲ್ಲಿ ಸೇರಿದೆ. ಆದುದರಿಂದ ಕಾಲಿನ ಸುಳ್ಳೂ ಸುಳ್ಳೇ ಎಂದು ನಿರ್ಣಯ ಕೊಟ್ಟೆ. ಅವನು ಒಂದು ರಾತ್ರಿ ಯೋಚಿಸಿ ನನ್ನ ನಿರ್ಣಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ.

"ಹಂಗಾದ್ರೆ ಭಾವ, ಎಲ್ಲಿಗೆ ಹೊಡೀತೀನಿ ಅನ್ನೋದು ನಂಗೆ ಗೊತ್ತಿದ್ದು, ಮುಂದೆ ನಿಂತೋನಿಗೆ ಹೇಳ್ದೆ ಇದ್ರೆ ಅದೂ ಮೋಸ ತಾನೇ?"

ಅಂದಿನಿಂದ ಅವನು ಹೇಳದೆ ಒದೆಯಲಿಲ್ಲ. ಗೋಲಿನ ಮುಂದೆ ಬಂದು, "ಅಣ್ಣ, ನಿನ್ ಎಡಗೈ ಕಡೀಕೆ," ಎನ್ನುವನು. ಎಡಗೈ ಕಡೆಗೇ ಒದೆಯುವನು. ಚೆಂಡು ಹೋಗಿಯೇ ತೀರುವುದು!

ಚರ್ಮದ ಚೆಂಡನ್ನು ಮುಟ್ಟಿ ಮನೆಯೊಳಕ್ಕೆ ಬರುತ್ತಾನೆಂದು ನನ್ನ ಅತ್ತೆಯವರು ಒಮ್ಮೆ ತಕರಾರು ತೆಗೆದರು. ಇವನು ಬಾಗಿಲಲ್ಲೇ ನಿಂತು, "ಅವ್ವ, ಶಿವ ಉಟ್ಕೊಂಡಿರೋದು ಏನು? ರೇಷ್ಮೆನಾ?" ಎಂದ. ಅತ್ತೆಯವರು ನನ್ನ ಮುಖ ನೋಡಿದರು. ನಾನು ಹುಲಿಚರ್ಮವೆಂದು ಒಪ್ಪಿಕೊಳ್ಳಬೇಕಾಯಿತು. "ಆದ್ರೂ ನೀರು ಹುಯ್ಕೊಂಡು ಬಾರೋ. ಶಿವನ ತಲೆ ಮೇಲೆ ಗಂಗೆ ಅವ್ಳೆ, ನಿನ್ ತಲೆ ಮೇಲೆ ಏನೈತೆ?" ಎಂದರು ಅತ್ತೆ. ಆ ಮನೆಯಲ್ಲಿ ನಾನೊಬ್ಬನೇ ಶಾಸ್ತ್ರ ಓದಿದವನೆಂಬ ಹೆಮ್ಮೆ ನನಗೆ ಅಲ್ಲಿಗೆ ಮುಗಿಯಿತು.

ಮೊದಲು ಅವನಿಗೆ ವೀಳ್ಯ ಕೊಟ್ಟದ್ದು ಕ್ಲೋಸ್‌ಪೇಟೆ. ಅಲ್ಲಿ ಮಾಗಡಿಯ ವಿರುದ್ಧ ಆಡುವಾಗ ಗೋಲು ಕಾಯುತ್ತಿದ್ದವನು ಒಬ್ಬ ಪೊಲೀಸ್ ಪೇದೆ. ಇವನು "ಬಲಗೈ ಕಡೆ" ಎಂದ. ಕಳ್ಳರ ಮಾತು ಕೇಳಿ ಕೇಳಿ ಪಳಗಿದ ಪೇದೆ ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಹೋಯಿತು. ಎರಡನೆಯ ಸಲ ಮತ್ತೆ "ಬಲಗೈ ಕಡೆ" ಎಂದ. ಒಂದೇ ಮೋಸವನ್ನು ಯಾರೂ ಎರಡು ಸಲ ಮಾಡುವುದಿಲ್ಲವೆಂದು ಪೇದೆ ಪುನಃ ಎಡಕ್ಕೆ ಹಾರಿದ. ಮೂರನೆಯ ಸಲ ಮಾತನ್ನು ನಂಬಿ ಬಲಕ್ಕೇ ಹಾರಿದ; ಆಗ ಚೆಂಡಿನ ಜೊತೆಗೆ ತಾನೂ ಗೋಲಿನೊಳಕ್ಕೆ ಹೋದ. ಎದ್ದು ಮಣ್ಣು ಕೊಡವಿಕೊಳ್ಳುತ್ತ, "ಸ್ವಾಮಿ, ಕೋರ್ಟ್‌ನಾಗೆ ಪ್ರಮಾಣ ಮಾಡ್ಸಿದ್ರೂ ಇಷ್ಟು ನಿಜ ಹೇಳೋರ್ನ ನಾನು ಕಂಡಿಲ್ಲ. ನಿಜಾನ ಹಿಡಿಯೋ ಅಭ್ಯಾಸ ನಮಗಿಲ್ಲ, ಬುಟ್ಬುಡಿ," ಎಂದು ಕೈ ಮುಗಿದ.

ಮಾರನೆಯ ವರ್ಷ ಮಾಗಡಿಯವರೇ ಮೊದಲು ತಟ್ಟೆ ತಂದರು. ಅಲ್ಲಿ ಹೆಸರಿಗೆ ಅವನದು ಒಬ್ಬ ಜವಳಿ ವರ್ತಕರ ಅಂಗಡಿಯಲ್ಲಿ ಕೆಲಸ. ಸೀರೆ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳು, "ಬಣ್ಣ ನಿಲ್ತದಾ ಅಣ್ಣ?" ಎಂದಳು. "ಎಲ್ಲಿ ನಿಲ್ತದೆ ತಾಯಿ, ಒಗೆಯೋ ಕಲ್ಲಿನ ಮೇಲೆ ನಿಲ್ತದೆ," ಎಂದ ಇವನು. ಸಂಜೆಯೊಳಗೆ ಅಂಗಡಿಯ ಅರ್ಧ ಸರಕಿನ ಜಾತಕ ಊರಿಗೆಲ್ಲ ಗೊತ್ತಾಯಿತು. ವರ್ತಕರು ಓಡಿಬಂದು, "ಅಪ್ಪಾ, ನೀನು ಕೆಲಸ ಮಾಡಬ್ಯಾಡ. ಬರೀ ಆಟ ಆಡು. ನಿನ್ ಊಟ ನಂದು," ಎಂದು ಬೇಡಿಕೊಂಡರು. ಬರಿಯ ಆಟಕ್ಕಾಗಿ ಅನ್ನ ಪಡೆದವನು ನಮ್ಮ ಸೀಮೆಯಲ್ಲಿ ಅವನೇ ಮೊದಲಿಗನೆಂದು ನಾನು ತಿಳಿದಿದ್ದೇನೆ. ಸತ್ಯಕ್ಕೆ ಫಲವಿಲ್ಲವೆನ್ನುವವರು ಇದನ್ನು ಗಮನಿಸಬೇಕು.

ಆಮೇಲೆ ಅವನು ಕಾನಕಾನಹಳ್ಳಿಯ ವೀಳ್ಯ ತೆಗೆದುಕೊಂಡ. ಆ ವರ್ಷ ನಾಲ್ಕು ಊರಿನವರೂ ಸೇರಿ ಒಂದು ಬೆಳ್ಳಿ ಬಟ್ಟಲು ಮಾಡಿಸಿದ್ದರು. ಕಡೆಯ ಪಂದ್ಯಕ್ಕೆ ಉಳಿದವರು ಕಾನಕಾನಹಳ್ಳಿ ಮತ್ತು ಚನ್ನಪಟ್ಟಣ. ಆಟ ನಮ್ಮ ಊರಿನಲ್ಲೇ, ಕೆರೆಯ ಪಕ್ಕದ ಬಯಲಿನಲ್ಲಿ. ಚನ್ನಪಟ್ಟಣದ ಗೋಲು ಕಾಯುವವರು ಬುಡನ್ ಸಾಹೇಬರು.

ಸಾಹೇಬರು ಬೊಂಬೆ ಮಾಡುವವರು. ಚರಕಿಗೆ ಕಟ್ಟಿದ ಮರ ತಿರುಗುತ್ತಿದ್ದಂತೆ ಅರಗಿನ ಬಣ್ಣ ಹಿಡಿದು ಮೆರುಗು ಕೊಡುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಪಂದ್ಯದ ಬೆಳಿಗ್ಗೆ ಭಾವಮೈದುನ ಊರಿಗೆ ಬಂದವನು ನನ್ನನ್ನೂ ಕರೆದುಕೊಂಡು ಮೊದಲು ಅವರ ಮನೆಗೇ ಹೋದ. ಸಾಹೇಬರು ನನ್ನ ಮಗಳಿಗೆಂದು ಒಂದು ಗಿಳಿಯನ್ನು ಕೈಗಿಟ್ಟರು. ಗಿಳಿಯ ಮೈ ಕೆಂಪಗಿತ್ತು, ಕೊಕ್ಕು ಹಸಿರಾಗಿತ್ತು.

ನಾನು ಹೊಸ ಬಗೆಯ ಬೊಂಬೆಯೆಂದುಕೊಂಡೆ. ಭಾವಮೈದುನ ಗಿಳಿಯನ್ನು ನೋಡಲಿಲ್ಲ, ಅವರ ಕಣ್ಣು ನೋಡಿದ.

"ಬುಡನಣ್ಣ, ಎಷ್ಟು ದಿನ ಆಯ್ತು?"

ಸಾಹೇಬರು ಕೈಗಂಟಿದ ಅರಗನ್ನು ಉಜ್ಜಿಕೊಂಡರು. ಆಮೇಲೆ ಹೇಳಿದರು: "ಮಾವಿನ ಕಾಯಿ ಕಾಲ್ದಿಂದ. ಬಿಸಿಲಾಗೆ ಜನ ಕಾಣ್ತಾರೆ ತಮ್ಮ, ಚೆಂಡು ಕಾಣಾಕಿಲ್ಲ. ಕಾಲಿನ ಸದ್ದು ಕೇಳಿ ಹಿಡೀತಾ ಇವ್ನಿ. ಇದೊಂದು ಆಟ ಆಡ್ಬುಟ್ಟು ನಾನೇ ಎಲ್ಲಾರ್ಗೂ ಹೇಳ್ತೀನಿ. ನಾನಾಗಿ ಈಚೆಗೆ ಬರಬೇಕು. ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು ಅಂತ ಆಗಬಾರದು. ಮೇಷ್ಟ್ರೇ, ನೀವೂ ಅಷ್ಟೇ, ಯಾರ್ಗೂ ಹೇಳ್ಬ್ಯಾಡಿ."

ನನಗೇನು, ನಾನು ಹೇಳದಿರಬಲ್ಲೆ. ಭಾವಮೈದುನನ ಗತಿ ಏನು? ಕಾನಕಾನಹಳ್ಳಿಯ ಗೌಡರು ಪ್ರತಿ ಪಂದ್ಯಕ್ಕೂ ಮೊದಲು, "ಅವರ ಗೋಲ್ ಕಾಯೋನು ಹೆಂಗೆ, ಎಲ್ಲಿ ಹೊಡುದ್ರೆ ಬೀಳ್ತಾನೆ?" ಎಂದು ಇವನನ್ನು ಕೇಳುವುದು ವಾಡಿಕೆ. ಕೇಳಿದರೆ ಇವನು ನಿಜ ಹೇಳಬೇಕು. ಹೇಳಿದರೆ ಚೆಂಡನ್ನು ಸದ್ದಿಲ್ಲದೆ ಉರುಳಿಸಿಬಿಡುತ್ತಾರೆ. ಸಾಹೇಬರ ಕಣ್ಣು ಊರ ಮುಂದೆ ಬಯಲಾಗುತ್ತದೆ. ಬಣ್ಣ ಕಾಣದವನಿಗೆ ಬೊಂಬೆ ಮಾಡಲು ಹೇಳುವವರು ಯಾರು?

ದಾರಿಯಲ್ಲಿ ಭಾವಮೈದುನ ನಿಂತು ಕೇಳಿದ: "ಭಾವ, ಮೌನ ವ್ರತಕ್ಕೆ ತಿಥಿ ನೋಡಬೇಕಾ?"

"ಬೇಕಿಲ್ಲ. ಎಂದು ಬೇಕಾದರೂ ಹಿಡಿಯಬಹುದು," ಎಂದೆ.

"ಹಂಗಾದ್ರೆ ಹಿಡ್ದೆ," ಎಂದು ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಗೌಡರು ಬಂದರು, ಕೇಳಿದರು. ಇವನು ತುಟಿಯ ಮೇಲೆ ಬೆರಳಿಟ್ಟು ಆಕಾಶ ತೋರಿಸಿದ. ದೇವರ ವಿಷಯವೆಂದು ಗೌಡರು ಸುಮ್ಮನಾದರು. ಆಮೇಲೆ ಅವರಿಗೆ ಒಂದು ಹೊಳೆದು ಮುಖ ಅರಳಿತು. "ಲೇ, ಇವತ್ತು ನಮ್ಮೋನು ಬಾಯಿ ಬುಡಾಕಿಲ್ಲ ಕಣ್ರಲಾ. ಹೇಳ್ದೆ ಹೊಡೀತಾನೆ. ಬಟ್ಟಲು ನಮ್ದೇ," ಎಂದು ತಮ್ಮವರಿಗೆ ಸಾರಿದರು.

ಅವರ ಎಣಿಕೆ ತಪ್ಪಿತು. ಹೇಳದೆ ಒದೆಯುವಂತಿಲ್ಲ, ಮೌನದಲ್ಲಿ ಹೇಳುವಂತಿಲ್ಲ. ಆದುದರಿಂದ ಭಾವಮೈದುನ ಗೋಲಿನತ್ತ ಒದೆಯಲೇ ಇಲ್ಲ. ತಂದು ತಂದು ಬೇರೆಯವರ ಕಾಲಿಗೆ ಇಟ್ಟ, ಮಗುವಿನ ಬಾಯಿಗೆ ತುತ್ತಿಟ್ಟ ಹಾಗೆ. ಆ ಮಕ್ಕಳು ತುತ್ತನ್ನು ಆಕಾಶಕ್ಕೆ ಉಗುಳಿದರು. ಈ ನಡುವೆ ಚನ್ನಪಟ್ಟಣದವರು ಹೇಗೋ ಒಂದು ಗೋಲು ಹೊಡೆದರು. ಆಟ ಮುಗಿಯುವ ಹೊತ್ತಿಗೆ ಚನ್ನಪಟ್ಟಣದವನೊಬ್ಬ ತಮ್ಮ ಗೋಲಿನ ಮುಂದೆಯೇ ಚೆಂಡನ್ನು ಕೈಯಲ್ಲಿ ಮುಟ್ಟಿದ. ರೆಫರಿ ಸೀಟಿ ಊದಿ ಕಾನಕಾನಹಳ್ಳಿಗೆ ಪೆನಾಲ್ಟಿ ಕೊಟ್ಟರು. ಗೌಡರು ಕುರ್ಚಿಯಿಂದೆದ್ದು ಭಾವಮೈದುನನ ಕಡೆ ಬೆರಳು ಚಾಚಿದರು. "ನೀನೇ ಹೊಡೀಬೇಕು. ವೀಳ್ಯ ತಿಂದಿದ್ದೀಯೆ."

ಗೋಲಿನಲ್ಲಿ ಸಾಹೇಬರು ಚೆಂಡಿನ ಕಡೆಗೆ ಮುಖವಿಟ್ಟಿರಲಿಲ್ಲ; ಕಿವಿಯಿಟ್ಟು ನಿಂತಿದ್ದರು. ಮೆಲ್ಲಗೆ ಒದ್ದರೆ ಅದು ಕಾಲು ಹೇಳುವ ಸುಳ್ಳು. ಹೇಳದೆ ಒದ್ದರೆ ಅದು ಮೋಸ. ಅವನು ಚೆಂಡನ್ನು ನೆಲದ ಮೇಲಿಟ್ಟು, ಹಿಂದಕ್ಕೆ ಬಂದು, ಕಣ್ಣು ಮುಚ್ಚಿ ನಿಂತ. ಶಿವಸ್ಮರಣೆ ಮಾಡಿಕೊಂಡನೆಂದು ನನ್ನ ನಂಬಿಕೆ, ನಾನಂತೂ ಮಾಡಿದೆ. ಆಮೇಲೆ ಅವನು ತನ್ನ ಮೌನವನ್ನು ಮುರಿದ.

"ಬುಡನಣ್ಣ, ಬಲಗೈ ಕಡೀಕೆ. ಎದೆ ಮಟ್ಟಕ್ಕೆ."

ಒದ್ದ. ಅಂಥ ಒದೆತವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಎಳ್ಳಷ್ಟೂ ಉಳಿಸಿಕೊಳ್ಳದೆ ಒದ್ದ. ಸಾಹೇಬರು ಅವನು ಹೇಳಿದ ಕಡೆಗೆ ಎರಡು ಹೆಜ್ಜೆ ಸರಿದು ತೋಳು ತೆರೆದು ನಿಂತಿದ್ದರು. ಚೆಂಡು ಅವರ ಎದೆಗೆ ಬಡಿಯಿತು, ತೋಳು ಅದರ ಮೇಲೆ ಮುಚ್ಚಿಕೊಂಡಿತು. ಅವರು ಮೊಳಕಾಲೂರಿ ಕುಸಿದರು; ಚೆಂಡು ಗೆರೆ ದಾಟಲಿಲ್ಲ.

ಬಟ್ಟಲು ಚನ್ನಪಟ್ಟಣದ ಪಾಲಾಯಿತು. ಗೌಡರು ಕೆಂಡವಾಗಿ ಬಂದರು.

"ಜಾಗ ಹೇಳ್ಕೊಟ್ಟಲ್ಲೋ."

"ನಿಮ್ ಕಡೆಗೆ ಆಡ್ದಾಗ್ಲೆಲ್ಲ ಹೇಳೇ ಹೊಡ್ದಿವ್ನಿ ಗೌಡ್ರೇ. ಗೆದ್ದಾಗ ಯಾಕೆ ಕೇಳ್ಲಿಲ್ಲ?"

ಗೌಡರು ನ್ಯಾಯವಂತರು. ಅದನ್ನು ಒಪ್ಪಿದರು. ಒಪ್ಪಿದವರು ಹಾಗೇ ಹೋಗಬಾರದೆ? ತಿರುಗಿ ನಿಂತು ಕೇಳಿದರು: "ಸರಿ ಕಣಯ್ಯ, ಎಡ ಬಲ ಹೇಳೋದು ನಿನ್ ಪದ್ಧತಿ. ಎದೆ ಮಟ್ಟ ಅಂತ ಯಾವತ್ತೂ ಹೇಳ್ದೋನಲ್ಲ. ಇವತ್ತು ಯಾಕೆ ಹೇಳ್ದೆ?"

ಭಾವಮೈದುನ ಬಾಯಿ ತೆರೆದ. ನಿಜ ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣಿಸಿತು. ಪಾಠಶಾಲೆಯ ಹೊರಗೆ ಎಂದೂ ದನಿಯೆತ್ತದ ನಾನು ಇಬ್ಬರ ನಡುವೆ ಹೋಗಿ ನಿಂತೆ.

"ಗೌಡರೇ, ಇವನು ವ್ರತ ಕೆಡಿಸಿಕೊಂಡಿದ್ದಾನೆ. ಮೌನ ಮುರಿದವನು ಸೂರ್ಯ ಮುಳುಗುವವರೆಗೆ ಇನ್ನೊಂದು ಮಾತಾಡಕೂಡದು."

"ಅದು ಯಾವ ಶಾಸ್ತ್ರದಾಗೈತೆ, ಸ್ವಾಮಿ?"

"ನಾನು ಹೇಳುತ್ತಿದ್ದೇನಲ್ಲ," ಎಂದೆ. ಅದಂತೂ ಸುಳ್ಳಲ್ಲ.

ಗೌಡರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೀಸೆಯಡಿಯಲ್ಲಿ ನಗು ಬಂತು. "ಮುಂದಿನ ಯುಗಾದಿಗೆ ವೀಳ್ಯ ನಿಮ್ಗೇ ತತ್ತೀನಿ. ನೀವು ಒಳ್ಳೆ ಗೋಲ್ ಕಾಯ್ತೀರಿ," ಎಂದು ಹೇಳಿ ಗಾಡಿ ಹತ್ತಿದರು.

ಊರಿನವರು ಬಟ್ಟಲು ಹೊತ್ತು ಕುಣಿಯುತ್ತ ಮುಂದೆ ಹೋದರು. ಹಿಂದೆ ಬರುತ್ತೇನೆಂದು ಸಾಹೇಬರು ಬಯಲಿನಲ್ಲೇ ಉಳಿದರು. ಅವರ ಜೊತೆ ನಾವಿಬ್ಬರು. ಯಾರೂ ಮಾತಾಡದೆ ಕುಳಿತೆವು. ಸೂರ್ಯ ಕೆರೆಯಾಚೆ ಇಳಿದ. ಭಾವಮೈದುನ ಎದ್ದು, ಸಾಹೇಬರಿಗಿಂತ ಒಂದು ಹೆಜ್ಜೆ ಮುಂದೆ ನಡೆಯತೊಡಗಿದ. ಕೈ ಚಾಚಲಿಲ್ಲ, ಹಿಂದಿರುಗಿ ನೋಡಲಿಲ್ಲ. ದಾರಿಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತ ಹೋದ.

"ಎಡಕ್ಕೆ ಕಲ್ಲು."

"ಹೂಂ."

"ಇಲ್ಲಿ ಒಸಿ ತಗ್ಗೈತೆ."

"ಹೂಂ."

ಎದುರಿಗೆ ಬಂದವರೊಬ್ಬರು ನಕ್ಕು, "ಏನಪ್ಪಾ, ರಸ್ತೇಗೂ ಹೇಳೇ ಕಾಲಿಡ್ತೀಯಾ?" ಎಂದರು.

"ಅಭ್ಯಾಸ ಆಗ್ಬುಟ್ಟೈತೆ ಕಣಣ್ಣ," ಎಂದ ಇವನು. ಅದೂ ನಿಜವೇ.

ಬೊಂಬೆಯವರ ಬೀದಿ ಬಂತು. ಸಾಹೇಬರ ಮನೆ ಬಂತು. "ಹೊಸಿಲು, ಬುಡನಣ್ಣ," ಎಂದು ಅವನು ಪಕ್ಕಕ್ಕೆ ಸರಿದ. ಸಾಹೇಬರು ಸಲೀಸಾಗಿ ದಾಟಿದರು. ದಾಟಿದವರು ಕತ್ತಲೆಯಲ್ಲಿ ನಿಂತಿದ್ದ ನಮ್ಮ ಕಡೆಗೆ ಮುಖ ತಿರುಗಿಸಿ, ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು:

"ಲಾಟೀನು ಈಚೆಗೆ ತಗೊಂಡ್ ಬಾ. ಪಾಪ, ಇವರಿಗೆ ದಾರಿ ಕಾಣಾಕಿಲ್ಲ."