ಮೇಣ ಬಳಿದ ಸೌತೆಕಾಯಿ

ಪಾಠ ಹೇಳುವ ಚಟ ಹತ್ತಿದವನಿಗೆ ಎದುರಿಗೊಬ್ಬರು ಕೂತರೆ ಸಾಕು, ಅವರಿಗದು ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಅಲ್ಲಿಯ ಮಕ್ಕಳು ಗಂಟೆ ಹೊಡೆದೊಡನೆ ಪಾರಾಗುತ್ತಾರೆ. ಮನೆಯವರಿಗೆ ಆ ಭಾಗ್ಯವಿಲ್ಲ. ಹೋದ ಬೇಸಿಗೆಯಲ್ಲಿ ನನ್ನ ಬಾಮೈದ ಮಂಜುನಾಥನಿಗೆ ಕ್ಷಯ ಅಂತಾಯಿತು. ಪಕ್ಕದ ಬೀದಿಯಲ್ಲೇ ಮಗ್ಗ ಓಡಿಸುವವನು. ಮಾತ್ರೆ ಶುರುವಾಗಿ ಕೆಮ್ಮು ನಿಂತದ್ದೇ ತಡ, ಗುಣವಾಯಿತಲ್ಲ, ಇನ್ನೇಕೆ ಮಾತ್ರೆ ಎಂದು ರಾಗ ತೆಗೆದ. ಅರ್ಧಕ್ಕೆ ಬಿಟ್ಟರೆ ರೋಗ ಇನ್ನಷ್ಟು ಹಟ ಹಿಡಿದು ಬರುತ್ತದೆಂದು ಡಾಕ್ಟರು ಹೇಳಿದ್ದರು. ನನ್ನ ಹೆಂಡತಿ ಸುಧಾ ಕಂಗಾಲಾದಳು. "ನೀವಾದ್ರೂ ತಮ್ಮನಿಗೆ ಒಂದ್ ಮಾತ್ ಹೇಳ್ರೀ" ಎಂದಳು. ಒಂದು ಮಾತಂತೆ!

ಭಾನುವಾರ ಮಂಜುವನ್ನು ಕೂರಿಸಿಕೊಂಡೆ. ಅಡುಗೆಮನೆಯಿಂದ ಸೌತೆಕಾಯಿ ತಂದು, ಮೇಣದಬತ್ತಿ ಕರಗಿಸಿ ಅದಕ್ಕೆ ಬಳಿದು, ಸುಧಾಳ ಲವಂಗವನ್ನೆಲ್ಲ ಮೇಲೆ ಚುಚ್ಚಿದೆ. ಇದೇ ನಿನ್ನ ರೋಗಾಣು ಎಂದೆ. ಮೇಣ ಅದರ ಹೊರಗೋಡೆ. ಲವಂಗ ಅಂದರೆ ಮೇಲ್ಮೈಯ ಪ್ರೋಟೀನು, ಅಲಂಕಾರಕ್ಕೆ ಇರುವುದಲ್ಲ. ಕೆಲವು ಗಾರೆಯವರ ಹಾಗೆ ಆ ಮೇಣವನ್ನು ಗೋಡೆಗೆ ಮೆತ್ತುತ್ತವೆ, ಕೆಲವು ಬಾಗಿಲು ಕಾಯುತ್ತವೆ, ಕೆಲವು ನಮ್ಮ ಮೈಯ ಕಾವಲಿನವರಿಗೇ ಚಳ್ಳೆಹಣ್ಣು ತಿನ್ನಿಸುತ್ತವೆ. ಹೇಳುತ್ತಾ ಹೇಳುತ್ತಾ ನನಗೇ ರೋಮಾಂಚನವಾಯಿತು. ನಲ್ಲಿಯ ಕೆಳಗೆ ಹಿಡಿದೆ, ನೀರು ಜಾರಿಹೋಯಿತು. ಎಂಥ ಗೋಡೆ ನೋಡೋ ಎಂದು ಕುಣಿಯುವುದೊಂದು ಬಾಕಿ.

ಮಂಜು ಸೌತೆಕಾಯಿಯನ್ನೇ ನೋಡುತ್ತಾ ಕೂತಿದ್ದ. ಮುಖ ಸಣ್ಣದಾಗಿತ್ತು. "ಇಷ್ಟ್ ಗಟ್ಟಿ ಐತೆ ಅಂದ್ಮೇಲೆ ಮಾತ್ರೆ ನುಂಗಿ ಏನ್ ಪ್ರಯೋಜ್ನ ಭಾವ? ಬಿಡಿ ಅತ್ಲಾಗೆ" ಎಂದವನೇ ಎದ್ದು ಹೊರಟ. ಮಾತ್ರೆ ಆ ಮೇಣವನ್ನೇ ಹುಟ್ಟಗೊಡುವುದಿಲ್ಲ ಎಂಬ ಮುಖ್ಯ ವಿಷಯ ನನ್ನ ಬಾಯಿಗೆ ಬರುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ. ನನ್ನ ಪಾಠಗಳಲ್ಲಿ ಮುಖ್ಯ ವಿಷಯ ಯಾವಾಗಲೂ ಗಂಟೆ ಹೊಡೆದ ಮೇಲೇ ಬರುತ್ತದೆ. ಮಾರನೆಯ ದಿನ ಅವನು ಮಾತ್ರೆ ಮುಟ್ಟಲಿಲ್ಲ. ಸುಧಾ ನನ್ನ ಜೊತೆ ಮಾತು ಬಿಟ್ಟಳು. ನನಗೂ ಅನ್ನ ಇಳಿಯಲಿಲ್ಲ. ನನ್ನ ಬಾಯಿಯೇ ಅವನಿಗೆ ರೋಗವಾಯಿತಲ್ಲ ಎಂದು ಹೆದರಿಕೆ.

ಸೌತೆಕಾಯಿ ಕಿಟಕಿಯಲ್ಲೇ ಬಿಸಿಲಿಗೆ ಬಿದ್ದಿತ್ತು, ಎತ್ತಿಡಲು ನನಗೆ ಸೋಮಾರಿತನ. ಎರಡು ದಿನ ಕಳೆದು ಅಕ್ಕನ ಬುತ್ತಿ ಡಬ್ಬಿ ಹಿಂದಿರುಗಿಸಲು ಬಂದ ಮಂಜು ಮೂಗು ಮುಚ್ಚಿಕೊಂಡು ಅದನ್ನು ಎತ್ತಿದ. ಮೇಣ ಕರಗಿ ಬಿರುಕು ಬಿಟ್ಟಿತ್ತು. ಒಳಗೆಲ್ಲ ಕೊಳೆತು, ಅವನ ಕೈಯಲ್ಲೇ ಪಿಚಕ್ಕನೆ ಕುಸಿಯಿತು.

"ಇದೇನ್ ಭಾವ, ನಿಮ್ ಗೋಡೆ ಹಿಂಗಾಯ್ತು?"

"ಮತ್ತೆ ಮೇಣ ಬಳಿಯೋರಿಲ್ಲ ಕಣೋ. ಮಾತ್ರೆ ದಿನಾ ಮಾಡೋದೂ ಅಷ್ಟೇ, ಮೇಣ ಸಿಗದ ಹಾಗೆ ಮಾಡುತ್ತೆ."

ನನ್ನ ಜೀವಮಾನದ ಅತಿ ಚಿಕ್ಕ ಪಾಠ. ಮಂಜು ಕೈ ತೊಳೆದು ಬಂದು, "ಅಕ್ಕ, ನೀರ್ ಕೊಡು, ಮಾತ್ರೆ ಜೇಬಲ್ಲೇ ಐತೆ" ಎಂದ. ಸುಧಾ ಲೋಟ ಹಿಡಿದು ನಿಂತಲ್ಲೇ ಅತ್ತುಬಿಟ್ಟಳು. ಅವನು ಪೂರ್ತಿ ಮಾತ್ರೆ ಮುಗಿಸಿದ, ಡಾಕ್ಟರೂ ಗುಣವಾಯಿತೆಂದರು.

ಸೌತೆಕಾಯಿಯನ್ನು ಬೇಕೆಂದೇ ಕೊಳೆಯಲು ಬಿಟ್ಟಿದ್ದೆ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಕಾಲೇಜಿನ ಮಕ್ಕಳು ನಂಬುತ್ತಾರೆ, ಅಂಕ ಹಾಕುವವನು ನಾನು. ಸುಧಾ ಮಾತ್ರ ನಾನು ಬಾಯಿ ತೆರೆದೊಡನೆ ತರಕಾರಿ ಬುಟ್ಟಿಯನ್ನು ಒಳಗೆತ್ತಿಡುತ್ತಾಳೆ.