ಸಾವಕಾರ್ರ ಟೀಮೂ ನನ್ನ ಬರಿಗಾಲೂ

ಬಡವರ ಟೀಮು ಸೋತರೆ ಅಯ್ಯೋ ಪಾಪ ಎನ್ನಬಹುದು. ದುಡ್ಡಿದ್ದವರ ಟೀಮು ಗೆದ್ದರೆ ನಮ್ಮದೇ ಗೆಲುವೆಂದು ಎದೆಯುಬ್ಬಿಸಿ ತಿರುಗಬಹುದು. ಆದರೆ ದುಡ್ಡೂ ಇದ್ದು, ಹಾಲು ಬಾದಾಮಿಯೂ ಇದ್ದು, ವರ್ಷವರ್ಷವೂ ತಪ್ಪದೆ ಸೋತು ಬರುವ ಟೀಮಿನ ಬೆನ್ನು ಹತ್ತಿದವನಿಗೆ ಮರುಕವೂ ಸಿಗುವುದಿಲ್ಲ, ಮರ್ಯಾದೆಯೂ ಸಿಗುವುದಿಲ್ಲ. ಹಾನಗಲ್ಲಿನ ಮಾಮಲೇದಾರ ಕಚೇರಿಯಲ್ಲಿ ಹಳೆಯ ಕಡತಗಳ ಧೂಳು ಕುಡಿಯುತ್ತ ಕೂತಿದ್ದ ಕಾರಕೂನನೊಬ್ಬ ಇಂಥ ದುರವಸ್ಥೆಗೆ ಬಿದ್ದಿದ್ದ. ಆತ ಬೇರೆ ಯಾರೂ ಅಲ್ಲ, ನಾನೇ. ನನ್ನ ಮೂರು ವರ್ಷದ ಬಾಳು ಹೇಗೆ ಆರು ಜನ ಎತ್ತರದ ಆಳುಗಳ ಕಾಲಿಗೆ ಬಿದ್ದು ಹಾಳಾಯಿತೆಂಬುದನ್ನು ಹೇಳಿಬಿಡುತ್ತೇನೆ. ಹೇಳಿದರೆ ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾದೀತು.

ನಮ್ಮೂರಿನ ಅಕ್ಕಿ ಗಿರಣಿಯ ಸಾವಕಾರ ಚನಬಸಪ್ಪನವರು ಒಮ್ಮೆ ಗಿರಣಿಯ ಬಿಡಿಭಾಗ ತರಲು ಬೆಳಗಾವಿಗೆ ಹೋಗಿದ್ದರು. ಅಲ್ಲಿ ಮಿಲಿಟರಿಯವರು ವಾಲಿಬಾಲ್ ಆಡುವುದನ್ನು ನೋಡಿ ತಲೆ ಕೆಡಿಸಿಕೊಂಡು, ಬಿಡಿಭಾಗದ ಜೊತೆಗೆ ಪೆನ್ಶನ್ ಆದ ಆರಡಿ ಎತ್ತರದ ಒಬ್ಬ ಆಟಗಾರನನ್ನೂ ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಆಮೇಲೆ ಹುಬ್ಬಳ್ಳಿಯಿಂದ ಇಬ್ಬರು, ಗದಗಿನಿಂದ ಇಬ್ಬರು, ಧಾರವಾಡದಿಂದ ಒಬ್ಬ. ಆಟಗಾರರನ್ನು ಆರಿಸುವ ಅವರ ಕ್ರಮ ಬಹಳ ಸರಳ. ಗಿರಣಿಯ ಬಾಗಿಲ ಚೌಕಟ್ಟಿಗೆ ಒಂದು ಗೆರೆ ಎಳೆದಿದ್ದರು. ಯಾರ ತಲೆ ಆ ಗೆರೆಗೆ ತಾಗುತ್ತದೆಯೋ ಅವನು ಟೀಮಿಗೆ ಸೇರಿದ. ಚೆಂಡು ಮುಟ್ಟಲು ಬರುತ್ತದೆಯೋ ಇಲ್ಲವೋ ಎಂದು ಅವರು ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಆರು ಜನಕ್ಕೂ ಜಾಳಿಗೆ ಬನಿಯನ್ನು, ಬಿಳಿ ಕ್ಯಾನ್ವಾಸ್ ಬೂಟು, ಮೈಗೆ ಎಣ್ಣೆ ತಿಕ್ಕಲು ಒಬ್ಬ ಆಳು. ಸಾವಕಾರ್ರು ಕಟ್ಟಾ ಲಿಂಗವಂತರು. ಆದರೂ ಆಟಗಾರರಿಗಾಗಿ ಮೊಟ್ಟೆ ತರಿಸುತ್ತಿದ್ದರು, ಬಾಯಲ್ಲಿ ಆ ಹೆಸರು ಮಾತ್ರ ಎತ್ತದೆ "ಬಿಳೇ ಸಾಮಾನು" ಎನ್ನುತ್ತಿದ್ದರು. ಆರರಲ್ಲಿ ಒಬ್ಬನೂ ಹಾನಗಲ್ಲಿನವನಲ್ಲ. ಹಾನಗಲ್ಲಿನವರೆಂದರೆ ಬಿಸಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುವ ನಾವು.

ವರ್ಷಕ್ಕೊಮ್ಮೆ ಯುಗಾದಿ ದಾಟಿದ ಮೇಲೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ನಡುವೆ ಒಂದು ಶೀಲ್ಡಿಗಾಗಿ ಪಂದ್ಯ ನಡೆಯುತ್ತಿತ್ತು. ಶಿಗ್ಗಾಂವಿಯವರೂ ಸವಣೂರಿನವರೂ ನಮ್ಮ ಬೂಟು ನೋಡಿಯೇ ಅರ್ಧ ಸೋಲುತ್ತಿದ್ದರು. ಹಿರೇಕೆರೂರು ತಾಲೂಕಿನ ಪರವಾಗಿ ಆಡಲು ಬರುತ್ತಿದ್ದವರು ಅಬಲೂರಿನ ಒಕ್ಕಲಿಗರು. ಅವರಿಗೆ ಮಾತ್ರ ಬೂಟು ಕಾಣುತ್ತಿರಲಿಲ್ಲ, ಚೆಂಡು ಕಾಣುತ್ತಿತ್ತು. ಹತ್ತಿ ಹೊಲದಿಂದ ನೇರವಾಗಿ ಎದ್ದು ಬಂದವರ ಹಾಗೆ ಧೋತರ ಮೇಲೆ ಕಟ್ಟಿ, ಬರಿಗಾಲಲ್ಲಿ ನಿಂತು, ಒಬ್ಬರಿಗೊಬ್ಬರು "ತಗೋಪಾ, ನಿಂದು" ಎಂದು ಚೆಂಡು ಕೊಡುತ್ತ ನಮ್ಮವರನ್ನು ಹೊಡೆದು ಹಾಕುತ್ತಿದ್ದರು. ನಮ್ಮಲ್ಲಿ ಆರು ಜನವೂ ಹೊಡೆಯುವವರೇ, ಎತ್ತಿ ಕೊಡುವವನು ಒಬ್ಬನೂ ಇಲ್ಲ. ಎತ್ತಿ ಕೊಟ್ಟವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಚೆಂಡು ಮೇಲಿಂದ ಬಂದರೆ ಆರು ಜನ ಹಾರುತ್ತಿದ್ದರು, ನೆಲದ ಹತ್ತಿರ ಬಂದರೆ ಆರು ಜನ ಅದನ್ನು ಗೌರವದಿಂದ ನೋಡುತ್ತಿದ್ದರು.

ಸೋತ ಮೇಲೆ ಕಾರಣಗಳಿಗೇನು ಬರ? ಒಂದು ವರ್ಷ ಚೆಂಡು ಹಗುರ, ಮತ್ತೊಂದು ವರ್ಷ ಸೂರ್ಯ ಎದುರು. ಸೂರ್ಯ ಅಬಲೂರಿನವರಿಗೂ ಅದೇ ಆಕಾಶದಲ್ಲಿದ್ದನಲ್ಲ ಎಂದು ನಾನು ಕೇಳಿದ್ದಕ್ಕೆ ಬೆಳಗಾವಿಯ ಆಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಾನು ಗಿಡ್ಡನಾದ್ದರಿಂದ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೊರಟುಹೋದ. ಸಾವಕಾರ್ರ ಬಳಿ ಎಲ್ಲ ಸೋಲಿಗೂ ಒಂದೇ ಔಷಧ, ಇನ್ನೊಂದು ಗೇಣು ಉದ್ದದವನನ್ನು ತರುವುದು. ಒಮ್ಮೆ ಗದಗಿನ ಒಬ್ಬನನ್ನು ಬಿಟ್ಟು ಅವನ ಜಾಗಕ್ಕೆ ಅಬಲೂರಿನ ಚುರುಕಾದ ಆಟಗಾರ ನಿಂಗಪ್ಪನನ್ನೇ ಗಿರಣಿಯಲ್ಲಿ ಕೆಲಸ ಕೊಟ್ಟು ಎಳೆದು ತಂದರು. ಅವನು ಎರಡು ತಿಂಗಳು ಹಾಲು, ತುಪ್ಪ, ಬಿಳೇ ಸಾಮಾನು ತಿಂದ. ಮೂರನೆಯ ತಿಂಗಳು ನೆಲ ಬಿಟ್ಟು ಏಳಲು ಅವನಿಗೆ ಎರಡು ಕೈ ನೆಲಕ್ಕೆ ಊರಬೇಕಾಯಿತು.

ಇನ್ನು ನನ್ನ ಹಣೆಬರಹಕ್ಕೆ ಬರುತ್ತೇನೆ. ಒಂದು ವರ್ಷದ ಪಂದ್ಯದಲ್ಲಿ, ಗೆದ್ದೇಬಿಟ್ಟೆವು ಎನ್ನುವಷ್ಟರಲ್ಲಿ ನಮ್ಮವರು ಸಾಲಾಗಿ ಏಳು ಪಾಯಿಂಟು ಕಳೆದುಕೊಂಡು ಸೋತರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಲಿನ ಚಪ್ಪಲಿಗಳೆರಡನ್ನೂ ಕಿತ್ತು ಟೀಮಿನತ್ತ ಬೀಸಿದೆ. ನನ್ನ ಗುರಿಯೂ ನಮ್ಮ ಟೀಮಿನ ಗುರಿಯಂಥದೇ. ಎರಡೂ ಹೋಗಿ ಪಕ್ಕದ ಕೆರೆಯಲ್ಲಿ ಬಿದ್ದವು. ಜನ ನಕ್ಕರು. ನಗೆ ಮುಚ್ಚಿಸಬೇಕೆಂದು ನಾನು ಎಲ್ಲರೆದುರು ಕೈಯೆತ್ತಿ ಕೂಗಿದೆ, "ನಮ್ಮ ಟೀಮು ಶೀಲ್ಡು ತರೂತನಕ ನಾ ಕಾಲಾಗ ಕಾಲ್ಮರಿ ಮೆಟ್ಟೂದಿಲ್ಲ!"

ದೇವರಿಗೆ ಹರಕೆ ಹೊತ್ತು ಬರಿಗಾಲಲ್ಲಿ ತಿರುಗುವವರು ನಮ್ಮ ಕಡೆ ಎಷ್ಟೋ ಜನ. ಅವರದು ತಿಂಗಳಿಗೋ ವರ್ಷಕ್ಕೋ ತೀರುತ್ತದೆ, ಏಕೆಂದರೆ ದೇವರು ನಮ್ಮ ಟೀಮಿನಷ್ಟು ಕಲ್ಲೆದೆಯವನಲ್ಲ. ನನ್ನ ಗೆಳೆಯ ಇಮಾಮಸಾಬ ಸವಣೂರಿನ ವೀಳ್ಯದೆಲೆ ವ್ಯಾಪಾರಿ, ಹಾನಗಲ್ಲಿನ ಸಂತೆಗೆ ಎಲೆ ಪೆಂಡಿ ತರುವವ. ನನ್ನ ಶಪಥ ಕೇಳಿ ಆತ ಸವಣೂರಿನಲ್ಲಿ ಒಂದು ಜೊತೆ ಹೊಸ ಚಪ್ಪಲಿ ಹೊಲಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಅಂಗಡಿಯಲ್ಲಿಟ್ಟ. "ಕಾರಕೂನ ಸಾಹೇಬ್ರ, ಗೆದ್ದ ದಿವ್ಸ ನಾನಽ ನಿಮ್ಮ ಕಾಲಿಗೆ ಹಾಕ್ತೇನಿ, ಫಿಕರ್ ಮಾಡಬ್ಯಾಡ್ರಿ" ಎಂದ. ಪೇಪರು ಮೂರು ಸಲ ಬದಲಾಯಿತು, ಚಪ್ಪಲಿ ಹೊರಗೆ ಬರಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಪಾರ್ವತಿ ಪ್ರತಿ ಸಂಜೆ ಸೇಫ್ಟಿ ಪಿನ್ನು ಹಿಡಿದು ನನ್ನ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಒಡೆದ ಹಿಮ್ಮಡಿಗೆ ಔಡಲೆಣ್ಣೆ ಹಚ್ಚುತ್ತ, "ಆಡಾವ್ರ ಕಾಲಿಗೆ ಬೂಟು, ನೋಡಾವ್ರ ಕಾಲಿಗೆ ಮುಳ್ಳು. ಎಂಥಾ ನ್ಯಾಯರೀ ನಿಮ್ಮ ಆಟದ್ದು?" ಎನ್ನುತ್ತಿದ್ದಳು. ಕಚೇರಿಯಲ್ಲಿ ಸಾಹೇಬರು ನನ್ನ ಕಾಲು ನೋಡಿ, ಮನೆಯಲ್ಲಿ ಏನೋ ಅನಾಹುತವಾಗಿರಬೇಕೆಂದು ಎರಡು ದಿನ ರಜೆ ಕೊಟ್ಟರು. ಆ ರಜೆಯಲ್ಲೂ ನಾನು ಟೀಮಿನ ತಾಲೀಮು ನೋಡಲು ಹೋದೆ. ನಾಚಿಕೆ ಎಂಬುದು ಅಭಿಮಾನಿಗಳಿಗೆ ಇರುವುದಿಲ್ಲ.

ಹೀಗಿರುವಾಗ ನನ್ನ ಮಗಳು ಶಾಂತಾಳಿಗೆ ಹಿರೇಬೆಂಡಿಗೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಸೌಮ್ಯ. ಶಾಂತಾ ಬಾಗಿಲ ಸಂದಿಯಿಂದ ಅವನನ್ನು ನೋಡಿ ಅವ್ವನ ಕಿವಿಯಲ್ಲಿ "ಹೂಂ" ಎಂದಿದ್ದಳು. ಅವಳು ಹೂಂ ಎಂದದ್ದು ಅದೇ ಮೊದಲ ಸಲ. ಹುಡುಗನ ತಂದೆ ರುದ್ರಗೌಡರು ಮಾತ್ರ ಬಿಗಿಯಾದ ಮನುಷ್ಯ. ಬಂದು ಕೂತವರೇ ನನ್ನ ಕಾಲು ನೋಡಿದರು.

"ಹರಕಿ ಏನ್ರಿ?" ಎಂದರು.

"ಹೌದ್ರಿ, ಹರಕಿ" ಎಂದೆ. ಸುಳ್ಳೇನೂ ಅಲ್ಲ.

"ಎಷ್ಟು ದಿವ್ಸ ಆತು?"

"ಮೂರು ವರ್ಷಾಗಾಕ ಬಂತ್ರಿ."

ಗೌಡರು ಎರಡೂ ಕೈ ಜೋಡಿಸಿದರು. "ಇಂಥಾ ದೈವಭಕ್ತರ ಮನಿ ಹುಡುಕಾಕತ್ತಿದ್ದೆ ನೋಡ್ರಿ. ಮೊನ್ನೆ ಒಂದು ಮನಿ ನೋಡಿದ್ವಿ, ಹುಡುಗಿ ಅಪ್ಪ ಚೆಂಡಿನಾಟ ನೋಡಾಕ ಊರೂರು ತಿರಗತಾನಂತ. ಎದ್ದು ಬಂದೆ. ಚೆಂಡಿನ ಬೆನ್ನ ಹತ್ತಿದ ಮನಿ ಉದ್ಧಾರ ಆಗೂದಿಲ್ರಿ." ಒಳಗಿನಿಂದ ಹೆಂಡತಿ ಕೆಮ್ಮಿದಳು. ನಾನು ಗೌಡರಿಗೆ ಇನ್ನೊಂದು ಉಂಡಿ ಕೊಟ್ಟೆ. ಯಾವ ದೇವರೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮದುವೆ ನಿಶ್ಚಯವಾಯಿತು. ಪಂದ್ಯ ಮುಗಿದ ಹತ್ತು ದಿನಕ್ಕೆ ಮುಹೂರ್ತ.

ಈಗ ನೋಡಿ ನನ್ನ ಫಜೀತಿ. ಟೀಮು ಗೆದ್ದರೆ ಇಮಾಮಸಾಬ ಊರೆಲ್ಲ ಸೇರಿಸಿ ನನ್ನ ಕಾಲಿಗೆ ಚಪ್ಪಲಿ ಹಾಕುತ್ತಾನೆ, ಗೌಡರಿಗೆ ಸುದ್ದಿ ಮುಟ್ಟುತ್ತದೆ, ಮದುವೆ ಮುರಿಯುತ್ತದೆ. ಟೀಮು ಸೋತರೆ ಎಲ್ಲವೂ ಸುರಳೀತ. ಇಂಥ ಟೀಮಿನ ಅಭಿಮಾನಿಗೆ ಇದೇನು ದೊಡ್ಡ ಚಿಂತೆ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ವರ್ಷ ಅಬಲೂರಿನ ಮುಖ್ಯ ಆಟಗಾರ ಬಾವಿ ತೋಡುವಾಗ ಕೈ ಮುರಿದುಕೊಂಡ. ಪಂದ್ಯ ನಮ್ಮ ಹಾನಗಲ್ಲಿನಲ್ಲೇ. "ಈ ಸಲಾ ನಮ್ದಽ" ಎಂದು ಚಹಾದ ಅಂಗಡಿಯಲ್ಲಿ ಎಲ್ಲರೂ ಹೇಳತೊಡಗಿದರು. ಮೂರು ವರ್ಷ ಇವರು ಗೆಲ್ಲಲೆಂದು ಬೇಡಿಕೊಂಡ ಬಾಯಲ್ಲಿ, ಇದೊಂದು ಸಲ ಸೋಲಲಪ್ಪಾ ಎಂದು ಬೇಡಿಕೊಂಡೆ.

ಬೇಡಿಕೊಂಡು ಸುಮ್ಮನಿರಬೇಕಿತ್ತು. ಇರಲಿಲ್ಲ. ಅಬಲೂರಿನವರೊಡನೆ ಕೊನೆಯ ಪಂದ್ಯದ ದಿನ ಬೆಳಿಗ್ಗೆ ಗಿರಣಿಗೆ ಹೋಗಿ, "ಸಾವಕಾರ್ರ, ಇವತ್ತು ಬೂಟು ನಾನಽ ತೊಳದು ಬಿಳೇ ಖಡು ಹಚ್ಚಿ ತರ್ತೇನಿ, ಇದೂ ಒಂದು ಸೇವಾ" ಎಂದೆ. ಸಾವಕಾರ್ರ ಕಣ್ಣು ಒದ್ದೆಯಾದವು. ಹನ್ನೆರಡು ಬೂಟುಗಳನ್ನು ಚೀಲದಲ್ಲಿ ಹೊತ್ತು ಮನೆಗೆ ತಂದು, ದನ ನೀರು ಕುಡಿಯುವ ದೋಣಿಯಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿದೆ.

"ಏನ್ರಿ ಇದು?" ಎಂದಳು ಹೆಂಡತಿ.

"ಮಗಳ ಮದುವಿ ತಯಾರಿ" ಎಂದೆ.

ಮಧ್ಯಾಹ್ನ ನೀರು ಸುರಿಯುತ್ತಿದ್ದ ಬೂಟುಗಳನ್ನು ಮೈದಾನಕ್ಕೆ ಒಯ್ದು, ಒಣಗಲಿಲ್ಲವಲ್ಲ ಎಂದು ಕೈ ಹಿಸುಕಿಕೊಂಡೆ. ಹಾಕಿ ನೋಡಿದ ಬೆಳಗಾವಿಯ ಆಳು ಎರಡು ಹೆಜ್ಜೆಯಲ್ಲಿ ಜಾರಿ ಬಿದ್ದ. ಸಾವಕಾರ್ರು ಮುಖ ಕೆಂಪಗೆ ಮಾಡಿಕೊಂಡು, "ಹಂಗಽ ಆಡ್ರಿ, ಬರಿಗಾಲಾಗ!" ಎಂದರು. ನಾನು ನಿಶ್ಚಿಂತನಾಗಿ ಕೂತೆ. ಬೂಟಿಲ್ಲದ ಆ ಟೀಮು ಕುಂಕುಮವಿಲ್ಲದ ಹಣೆಯ ಹಾಗೆ ಕಾಣುತ್ತಿತ್ತು.

ಯುಗಾದಿ ದಾಟಿದ ಬಿಸಿಲು, ನೆಲ ಕಾದ ಹಂಚು. ಮೆತ್ತನೆಯ ಬೂಟಿನ ರೂಢಿಯ ಆ ಕಾಲುಗಳನ್ನು ಒಂದು ಕಡೆ ಊರಿ ನಿಲ್ಲಲು ಆಗಲೇ ಇಲ್ಲ. ನಿಂತಲ್ಲಿ ನಿಲ್ಲದೆ ಆರು ಜನವೂ ಕುಣಿಯತೊಡಗಿದರು. ಕುಣಿಯುವವರು ಚೆಂಡು ಬಿದ್ದಲ್ಲಿಗೆ ತಾವಾಗಿಯೇ ಹೋಗಿ ಮುಟ್ಟಿದರು. ಬೇಗ ಮುಗಿಸಿ ನೆರಳಿಗೆ ಓಡುವ ಅವಸರಕ್ಕೆ, ಯಾರು ಹೊಡೆದರೇನು ಎಂದು ಒಬ್ಬರಿಗೊಬ್ಬರು ಚೆಂಡು ಎತ್ತಿ ಕೊಟ್ಟರು! ನಮ್ಮ ಕಡೆ ಸೇರಿದ್ದ ನಿಂಗಪ್ಪ ತನ್ನೂರಿನ ಹೊಲ ನೆನಪಾದವನಂತೆ ಹಾರಿದ. ನನ್ನ ಕಣ್ಣೆದುರಿಗೇ, ನನ್ನ ಕೈಯಾರೆ, ಸಾವಕಾರ್ರ ಟೀಮು ಶೀಲ್ಡು ಗೆದ್ದಿತು. ಗೆಲ್ಲಿರಪ್ಪಾ ಎಂದಾಗ ಸೋತರು, ಸೋಲಿರಪ್ಪಾ ಎಂದಾಗ ಗೆದ್ದರು. ನನ್ನ ಮಾತು ನಡೆಸಬಾರದೆಂದು ಅವರೂ ಹರಕೆ ಹೊತ್ತಿದ್ದರೋ ಏನೋ.

ತಪ್ಪಿಸಿಕೊಳ್ಳುವಷ್ಟರಲ್ಲಿ ಜನ ನನ್ನನ್ನು ಹೆಗಲ ಮೇಲೆ ಎತ್ತಿದ್ದರು. ಹಲಗೆ ಬಡಿಯುತ್ತಿದ್ದರು. ಇಮಾಮಸಾಬ ಪೇಪರು ಬಿಚ್ಚಿ ಚಪ್ಪಲಿ ತೆಗೆದು ನನ್ನ ಕಾಲಿಗೆ ತುರುಕಿದ. ಹೋಗಲಿಲ್ಲ. ಮೂರು ವರ್ಷ ಬರಿಗಾಲಲ್ಲಿ ತಿರುಗಿ ನನ್ನ ಪಾದ ರೊಟ್ಟಿಯಾಗಿತ್ತು. "ಅರೆ, ಕಾಲು ದೊಡ್ಡದಾತಲ್ರಿ!" ಎಂದು ಆತ ಕೂಗುತ್ತಿರುವಾಗ, ಹೆಗಲ ಮೇಲಿಂದ ನಾನು ಕಂಡದ್ದು ರುದ್ರಗೌಡರನ್ನು. ಮದುವೆಯ ಅಕ್ಕಿ ನೋಡಲು ಗಿರಣಿಗೆ ಬಂದವರು ಗದ್ದಲ ಕೇಳಿ ಮೈದಾನಕ್ಕೆ ಬಂದಿದ್ದರು.

ಕೆಳಗಿಳಿದು ಹೋಗಿ ಎದುರು ನಿಂತೆ. ಶಾಂತಾ ಅಂದ ಆ ಒಂದು "ಹೂಂ" ನನಗೆ ನೆನಪಾಯಿತು.

"ಇದಽ ಏನ್ರಿ ನಿಮ್ಮ ದೇವರು?" ಎಂದರು ಗೌಡರು.

"ತಪ್ಪಾತ್ರಿ. ನನ್ನ ಹುಚ್ಚಿಗೆ ನನ್ನ ಮಗಳಿಗೆ ಶಿಕ್ಷಾ ಕೊಡಬ್ಯಾಡ್ರಿ" ಎಂದೆ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಗೌಡರು ನನ್ನ ಕಾಲನ್ನು ನೋಡಿದರು. ಆಮೇಲೆ ಟೀಮನ್ನು ನೋಡಿದರು. "ಇಂಥಾವ್ರ ಸಲುವಾಗಿ ಮೂರು ವರ್ಷ ಮಾತು ಉಳಿಸ್ಕೊಂಡಾವ ನನಗ ಕೊಟ್ಟ ಮಾತು ತಪ್ಪೂದಿಲ್ಲ ಬಿಡ್ರಿ. ಬುದ್ಧೀದು ಬ್ಯಾರೆ ಮಾತು. ಅದರಾಗ ಹುಡುಗಿ ತಾಯಿನ್ನ ಹೋಲ್ತೈತಿ ಅಂತ ಕೇಳೇನಿ" ಎಂದು ಹೆಗಲ ಮೇಲಿನ ಟವಲು ಕೊಡವಿ ಅಕ್ಕಿ ನೋಡಲು ಹೋದರು. ಹತ್ತು ದಿನಕ್ಕೆ ಮದುವೆಯಾಯಿತು. ಶಾಂತಾ ಸುಖವಾಗಿದ್ದಾಳೆ.

ಬೂಟಿನ ಗುಟ್ಟನ್ನು ನಾನು ಸಾವಕಾರ್ರಿಗೆ ಹೇಳಲಿಲ್ಲ. ಹೇಳಿದರೆ ಅವರು ಬೆಳಗಾವಿಯಿಂದ ಇನ್ನೂ ಉದ್ದನೆಯ ಬರಿಗಾಲು ತರಿಸುತ್ತಾರೆ. ಗೆದ್ದ ಖುಷಿಗೆ ಅವರು ಟೀಮಿಗೆ ಮುಂಬಯಿಯಿಂದ ದಪ್ಪ ಅಟ್ಟೆಯ ಬೂಟು ತರಿಸಿದರು. ಮರುವರ್ಷ ಶಿಗ್ಗಾಂವಿಯವರೇ ನಮ್ಮನ್ನು ಸೋಲಿಸಿದರು. ಸಾವಕಾರ್ರನ್ನು ಕಂಡು ನಗುವ ಹಕ್ಕು ನನಗಿಲ್ಲ. ಟೀಮಿನ ಜೀವ ಬೂಟಿನಲ್ಲಿದೆ ಎಂದು ನಂಬಿದವರು ಅವರೊಬ್ಬರೇ ಅಲ್ಲ, ಅದನ್ನು ನಂಬಿ ದೋಣಿಯಲ್ಲಿ ಕಲ್ಲು ಹೇರಿದವನು ನಾನು. ಬೂಟು ಒಣಗಿದ್ದರೆ ಅವರು ಅಂದೂ ತಪ್ಪದೆ ಸೋಲುತ್ತಿದ್ದರು.

ಹೊಸ ಅಳತೆಯ ಚಪ್ಪಲಿ ಈಗ ನನಗಿದೆ. ಆದರೆ ಪಂದ್ಯದ ದಿನ ಹೆಂಡತಿ ಹೊಸ್ತಿಲಲ್ಲಿ ಅಡ್ಡ ನಿಂತು, "ಅವನ್ನ ಇಲ್ಲೇ ಬಿಟ್ಟು ಹೋಗ್ರಿ, ಕೆರ್ಯಾಗ ಒಂದು ಜೋಡಿ ಬಿದ್ದದ್ದು ಸಾಕು" ಎನ್ನುತ್ತಾಳೆ. ಕಾದ ನೆಲದ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಳಿಸುತ್ತ ನಾನು ಆಟ ನೋಡುತ್ತೇನೆ. ಮೊನ್ನೆ ಹಿಂದಿನಿಂದ ಯಾರೋ ಅಂದರು, "ಸಾವಕಾರ್ರ, ಆ ಆರು ಮಂದಿನ್ನ ಮನಿಗೆ ಕಳಸಿ ಈ ಕಾರಕೂನ್ರನ್ನ ಆಡಸ್ರಿ, ಇವ್ರಽ ಜಿಗ್ಯಾಕತ್ತಾರ." ಸಾವಕಾರ್ರು ತಿರುಗಿ ನೋಡಿದರು. ನನ್ನ ಎತ್ತರ ಕಂಡು, ಆಗದೆಂದು ತಲೆಯಾಡಿಸಿದರು.